ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳು: ಶಿಲಾಸ್ತಂಭ, ಸ್ಥಳನಾಮ ಮತ್ತು ಇತಿಹಾಸ

ಕರ್ನಾಟಕದ ಕರಾವಳಿಯ ಇತಿಹಾಸವನ್ನು ಕುರಿತು ನಡೆದಿರುವ ಅಧ್ಯಯನಗಳಲ್ಲಿ ಬಂದರುಗಳು, ಕೋಟೆಗಳು, ಬಸದಿಗಳು, ದೇವಾಲಯಗಳು ಹಾಗೂ ಶಾಸನಗಳು ಸಹಜವಾಗಿಯೇ ಪ್ರಮುಖ ಸ್ಥಾನವನ್ನು ಪಡೆದಿವೆ. ಕಡಲಿನ ನಡುವೆ ಇರುವ ಕಿರುದ್ವೀಪಗಳು ಮಾತ್ರ ಇತಿಹಾಸಕಾರರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಉಡುಪಿ ಜಿಲ್ಲೆಯ ಮಲ್ಪೆ ಬಂದರಿಗೆ ಎದುರಾಗಿ, ತೀರದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿರುವ ಸೇಂಟ್ ಮೇರೀಸ್ ದ್ವೀಪಸಮೂಹ ಇದಕ್ಕೆ ಉತ್ತಮ ನಿದರ್ಶನವಾಗಿದೆ. ಭೂವಿಜ್ಞಾನಿಗಳಿಗೆ ಇದು ಒಂದು ಖಂಡವು ಒಡೆದುಹೋದ ಕಾಲದ ಸಾಕ್ಷ್ಯ. ಸಾಗರಯಾನದ ಇತಿಹಾಸಕಾರರಿಗೆ ಪೋರ್ಚುಗೀಸರ ಮೊದಲ ಭಾರತಯಾನದೊಂದಿಗೆ ಹೆಸರು ಬೆಸೆದುಕೊಂಡಿರುವ ತಾಣ. ಮೀನುಗಾರರಿಗೆ ದಿಕ್ಕು ತಿಳಿಸುವ ಬಂಡೆ. ಈ ಮೂರೂ ನೆಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ದ್ವೀಪಗಳ ಬಗೆಗೆ ಜನಪ್ರಿಯವಾಗಿರುವ ಕೆಲವು ಹೇಳಿಕೆಗಳನ್ನು ತಿದ್ದಿಕೊಳ್ಳಬೇಕಾದ ಅಗತ್ಯ ಕಂಡುಬರುತ್ತದೆ. ಆ ಹೇಳಿಕೆಗಳನ್ನು ಆಧಾರಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಭೌಗೋಳಿಕ ಹಿನ್ನೆಲೆ

ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ ಮತ್ತು ದರಿಯಾ ಬಹದ್ದೂರ್‌ಗಡ ಎಂಬ ನಾಲ್ಕು ದ್ವೀಪಗಳು ಈ ಸಮೂಹದಲ್ಲಿ ಮುಖ್ಯವಾದವು. ಇವು ಸ್ಥೂಲವಾಗಿ ಉತ್ತರ-ದಕ್ಷಿಣವಾಗಿ, ಕರಾವಳಿಗೆ ಸಮಾನಾಂತರವಾಗಿ ಹರಡಿಕೊಂಡಿವೆ. ಇವುಗಳಲ್ಲಿ ಹೆಚ್ಚು ಪರಿಚಿತವಾದ ತೆಂಗಿನ ದ್ವೀಪವು ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲವಿದ್ದು, ಸಮುದ್ರಮಟ್ಟದಿಂದ ಸುಮಾರು 10 ಮೀಟರ್ ಎತ್ತರದವರೆಗೆ ಏರುತ್ತದೆ. ಇಲ್ಲಿ ಜನವಸತಿಯಿಲ್ಲ. ತೀರದ ಕೆಲವೆಡೆ ಮರಳಿಗೆ ಬದಲಾಗಿ ಅಲೆಗಳು ತಂದೊಟ್ಟಿದ ಚಿಪ್ಪುಗಳ ರಾಶಿಯೇ ಹರಡಿಕೊಂಡಿದೆ. ಈ ದ್ವೀಪಕ್ಕೆ ತೋನ್ಸೆಪಾರ್ ಎಂಬ ಸ್ಥಳೀಯ ಹೆಸರೂ ಇದೆ. ಮಲ್ಪೆಯ ಉತ್ತರಕ್ಕೆ, ಕಲ್ಯಾಣಪುರದ ಸಮೀಪದಲ್ಲಿ ತೋನ್ಸೆ ಎಂಬ ಊರು ಇರುವುದರಿಂದ ಹೆಸರಿನ ಮೊದಲ ಭಾಗ ಸ್ಪಷ್ಟವಾಗಿಯೇ ಇದೆ. ಎರಡನೆಯ ಭಾಗವು ಬಂಡೆ ಎಂಬ ಅರ್ಥವುಳ್ಳ ‘ಪಾರೆ’ ಎಂಬ ದ್ರಾವಿಡ ಶಬ್ದಕ್ಕೆ ಸಮೀಪವಾಗಿ ಕಾಣುತ್ತದೆ. ಹಾಗಿದ್ದಲ್ಲಿ ಈ ಹೆಸರಿನ ಅರ್ಥ ‘ತೋನ್ಸೆಯ ಬಂಡೆ’ ಎಂದಾಗುತ್ತದೆ. ಕಡಲಿಗೆ ಇಳಿಯುವವರು ದೂರದಿಂದ ಕಾಣುವ ಬಂಡೆಯನ್ನು ತಮ್ಮ ಊರಿನ ಹೆಸರಿನಿಂದ ಗುರುತಿಸಿಕೊಂಡರೆಂದು ತಿಳಿಯುವುದು ಸ್ವಾಭಾವಿಕವಾಗಿದೆ.

ಕಂಬಗಳ ರಚನೆ

ದ್ವೀಪದ ಪಶ್ಚಿಮದ ಅಂಚಿನಲ್ಲಿ ನಿಂತು ನೋಡುವವರಿಗೆ ಮೊದಲು ಕಾಣುವುದು ಒತ್ತೊತ್ತಾಗಿ ಜೋಡಿಸಿಟ್ಟಂತಿರುವ ಶಿಲಾಸ್ತಂಭಗಳು. ಐದು, ಆರು ಅಥವಾ ಏಳು ಮುಖಗಳುಳ್ಳ ಈ ಕಂಬಗಳು ಕೆಲವೆಡೆ ನೆಟ್ಟಗೆ, ಕೆಲವೆಡೆ ತುಸು ಓರೆಯಾಗಿ ನಿಂತಿವೆ. ಕೆಲವು ಸುಮಾರು 6 ಮೀಟರ್ ಎತ್ತರಕ್ಕೂ ಏರಿವೆ. ತುದಿಗಳು ಸವೆದುಹೋದ ಕಡೆಗಳಲ್ಲಿ ನೆಲವು ಕಲ್ಲುಹಾಸಿನ ಅಂಗಳದಂತೆ ತೋರುತ್ತದೆ. ಶಿಲ್ಪಿಯ ಕೈಯಿಂದ ಮೂಡಿದವೆಂಬ ಭ್ರಮೆಯನ್ನು ಹುಟ್ಟಿಸುವಷ್ಟು ಕ್ರಮಬದ್ಧವಾಗಿದ್ದರೂ ಇವು ಸಂಪೂರ್ಣವಾಗಿ ನಿಸರ್ಗದ ನಿರ್ಮಿತಿಗಳು.

ಭೂಗರ್ಭದಿಂದ ಹೊರಬಂದ ಲಾವಾ ಹರಡಿ ನಿಂತ ಮೇಲೆ ನಿಧಾನವಾಗಿ ತಣಿಯುತ್ತದೆ. ತಣಿಯುವಾಗ ಶಿಲೆ ಕುಗ್ಗುತ್ತದೆ. ಕುಗ್ಗುವಿಕೆಯಿಂದ ಉಂಟಾಗುವ ಎಳೆತಕ್ಕೆ ಸಿಕ್ಕಿ ಅದು ಬಿರಿಯುತ್ತದೆ. ಕೆರೆಯ ನೀರು ಬತ್ತಿದಾಗ ತಳದ ಕೆಸರು ಒಣಗಿ ಬಿರುಕು ಬಿಡುವುದನ್ನು ಇದಕ್ಕೆ ಹೋಲಿಸಬಹುದು. ಬಿರುಕುಗಳು ಮೊದಲು ತಣಿಯುವ ಮೇಲ್ಮೈ ಮತ್ತು ತಳಭಾಗಗಳಲ್ಲಿ ಕಾಣಿಸಿಕೊಂಡು, ಶಾಖವು ಹೊರಹೋದಂತೆಲ್ಲ ಆ ಮೇಲ್ಮೈಗೆ ಲಂಬವಾಗಿ ಒಳಕ್ಕೆ ಇಳಿಯುತ್ತವೆ. ಮೂರು ಬಿರುಕುಗಳು ಸುಮಾರು 120 ಅಂಶದ ಕೋನದಲ್ಲಿ ಸಂಧಿಸಿದಾಗ ಎಳೆತವು ಎಲ್ಲ ಕಡೆಗೂ ಸಮನಾಗಿ ಸಡಿಲವಾಗುವುದರಿಂದ ಷಡ್ಭುಜಾಕೃತಿಯು ಹೆಚ್ಚಾಗಿ ಕಂಡುಬರುತ್ತದೆ. ತಣಿಯುವಿಕೆಯು ಎಲ್ಲೆಡೆ ಒಂದೇ ಸಮನಾಗಿ ನಡೆಯದಿದ್ದುದರಿಂದ ಐದು ಮತ್ತು ಏಳು ಮುಖಗಳ ಕಂಬಗಳೂ ಮೂಡಿವೆ.

ಈ ಬಗೆಯ ರಚನೆಗಳು ಜಗತ್ತಿನ ಅನೇಕ ಕಡೆ ಇವೆ. ಉತ್ತರ ಐರ್ಲೆಂಡಿನ ಕಡಲತೀರದಲ್ಲಿರುವ ಜೈಂಟ್ಸ್ ಕಾಸ್‌ವೇ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದಾಗಿದ್ದು, 1986ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮುಂಬಯಿಯ ಅಂಧೇರಿಯಲ್ಲಿರುವ ಗಿಲ್ಬರ್ಟ್ ಹಿಲ್ ನಮ್ಮ ದೇಶದ ಮತ್ತೊಂದು ಉದಾಹರಣೆ. ಕಂಬರೂಪದ ಶಿಲೆಗಳು ಬೆಂಕಿಯಿಂದ ಹುಟ್ಟಿದವೋ ನೀರಿನಲ್ಲಿ ಹರಳುಗಟ್ಟಿದವೋ ಎಂಬ ಪ್ರಶ್ನೆ 18ನೆಯ ಶತಮಾನದ ಯೂರೋಪಿನ ವಿದ್ವಾಂಸರಲ್ಲಿ ದೊಡ್ಡ ವಾದಕ್ಕೆ ಕಾರಣವಾಗಿತ್ತು. ಫ್ರಾನ್ಸಿನ ನಿಕೊಲಾ ದೆಮಾರೆ ತನ್ನ ದೇಶದ ಓವೆರ್ನ್ಯ್ ಪ್ರದೇಶದಲ್ಲಿ ಇಂತಹ ಕಂಬಗಳು ಹಳೆಯ ಲಾವಾ ಪ್ರವಾಹದ ಭಾಗಗಳೇ ಆಗಿರುವುದನ್ನು ತೋರಿಸಿಕೊಟ್ಟ ಮೇಲೆ ಅಗ್ನಿಮೂಲದ ವಾದಕ್ಕೆ ಬಲ ಬಂದಿತು.

ಇಲ್ಲಿ ಒಂದು ತಿದ್ದುಪಡಿ ಅವಶ್ಯಕ. ಪ್ರವಾಸಿ ಸಾಹಿತ್ಯದಲ್ಲಿ ಮಲ್ಪೆಯ ಕಂಬಗಳನ್ನು ಸಾಮಾನ್ಯವಾಗಿ ‘ಬಸಾಲ್ಟ್ ಶಿಲೆಗಳು’ ಎಂದು ಕರೆಯುವುದುಂಟು. ಜೈಂಟ್ಸ್ ಕಾಸ್‌ವೇ ಮತ್ತು ಗಿಲ್ಬರ್ಟ್ ಹಿಲ್ ಬಸಾಲ್ಟಿನವು ಎಂಬುದು ನಿಜ. ಆದರೆ ಸೇಂಟ್ ಮೇರೀಸ್ ದ್ವೀಪಗಳ ಶಿಲೆ ಸಿಲಿಕಾ ಅಂಶ ಹೆಚ್ಚಾಗಿರುವ ಆಮ್ಲೀಯ ಜ್ವಾಲಾಮುಖಿ ಶಿಲೆ. ಇದನ್ನು ಡೇಸೈಟ್, ರಯೋಡೇಸೈಟ್ ಅಥವಾ ರಯೋಲೈಟ್ ವರ್ಗಕ್ಕೆ ಸೇರಿಸಲಾಗಿದೆ. 1966ರಲ್ಲಿ ಸಿ. ನಾಗಣ್ಣ ಅವರು ಈ ದ್ವೀಪಗಳ ಶಿಲೆಗಳ ಬಗೆಗೆ ಪ್ರಕಟಿಸಿದ ಅಧ್ಯಯನವು ಈ ದಿಕ್ಕಿನಲ್ಲಿ ಗಮನಾರ್ಹವಾದುದು. ದಖ್ಖನ್ನಿನ ಬಸಾಲ್ಟ್ ಪ್ರವಾಹಗಳ ದಕ್ಷಿಣದ ಅಂಚು ಬೆಳಗಾವಿಯ ಕಡೆಯಲ್ಲೇ ನಿಲ್ಲುತ್ತದೆ. ಮಲ್ಪೆಯ ಎದುರಿನ ನೆಲದಲ್ಲಿ ಇರುವುದು ಕೋಟ್ಯಂತರ ವರ್ಷಗಳ ಹಿಂದಿನ ನೀಸ್ ಶಿಲೆ ಮತ್ತು ಅದರ ಮೇಲೆ ಹರಡಿರುವ ಮುರಕಲ್ಲು. ಇವುಗಳ ನಡುವೆ, ಕಡಲಿನಲ್ಲಿ ಪ್ರತ್ಯೇಕವಾಗಿ ಉಳಿದಿರುವ ಈ ಲಾವಾ ಶಿಲೆಗಳು ದಖ್ಖನ್ನಿನ ಪ್ರಸ್ತರಗಳಿಗಿಂತ ಹಳೆಯವು ಮತ್ತು ಬೇರೆಯೇ ಘಟನೆಯೊಂದಕ್ಕೆ ಸೇರಿದವು.

ಕಾಲನಿರ್ಣಯ ಮತ್ತು ಮಡಗಾಸ್ಕರ್ ಸಂಬಂಧ

ಆ ಘಟನೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಕ್ರಮೇಣ ಸ್ಪಷ್ಟವಾಯಿತು. 1981ರಲ್ಲಿ ವಲ್ಸಂಗಕರ್ ಮತ್ತು ಸಂಗಡಿಗರು ಪೊಟಾಸಿಯಂ-ಆರ್ಗಾನ್ ವಿಧಾನದಿಂದ ಈ ಶಿಲೆಗಳಿಗೆ ಸುಮಾರು 9.3 ಕೋಟಿ ವರ್ಷಗಳ ಪ್ರಾಯವನ್ನು ನಿರ್ಣಯಿಸಿದರು. 2000ದಲ್ಲಿ ಟೋರ್ಸ್‌ವಿಕ್ ಮತ್ತು ಸಂಗಡಿಗರು ಯುರೇನಿಯಂ-ಸೀಸ ವಿಧಾನದಿಂದ ಸುಮಾರು 9.1 ಕೋಟಿ ವರ್ಷ ಎಂದರು. ಮರುವರ್ಷ, 2001ರಲ್ಲಿ, ಕಾಂಚನ್ ಪಾಂಡೆ, ಹೇತು ಶೇಠ್ ಮತ್ತು ರಾಜನೀಶ್ ಭೂತಾನಿ ಅವರು ಆರ್ಗಾನ್-ಆರ್ಗಾನ್ ವಿಧಾನದಿಂದ ಸುಮಾರು 8.56 ಕೋಟಿ ವರ್ಷಗಳ ಫಲಿತಾಂಶವನ್ನು ಪ್ರಕಟಿಸಿದರು. ವಿಧಾನಗಳು ಬೇರೆಯಾಗಿರುವುದರಿಂದ ಅಂಕಿಗಳಲ್ಲಿ ವ್ಯತ್ಯಾಸವಿದೆ. ಆದರೆ ಎಲ್ಲವೂ ಕ್ರಿಟೇಷಿಯಸ್ ಯುಗದ ಉತ್ತರಾರ್ಧವನ್ನೇ ಸೂಚಿಸುತ್ತವೆ. ದಖ್ಖನ್ನಿನ ಲಾವಾ ಪ್ರವಾಹಗಳ ಸುಮಾರು 6.6 ಕೋಟಿ ವರ್ಷಗಳ ಪ್ರಾಯಕ್ಕಿಂತ ಇವು ಸ್ಪಷ್ಟವಾಗಿ ಹಿಂದಿನವು ಎಂಬುದರಲ್ಲಿ ಒಮ್ಮತವಿದೆ.

ಮಡಗಾಸ್ಕರ್ ದ್ವೀಪದ ಪೂರ್ವ ತೀರದಲ್ಲಿಯೂ ಇದೇ ಕಾಲದ ಜ್ವಾಲಾಮುಖಿ ಶಿಲೆಗಳು ದೊರೆಯುತ್ತವೆ. 1995ರಲ್ಲಿ ಸ್ಟೋರಿ ಮತ್ತು ಸಂಗಡಿಗರು ಅವುಗಳ ಪ್ರಾಯವನ್ನು ಸುಮಾರು 8.8 ಕೋಟಿ ವರ್ಷವೆಂದು ತೋರಿಸಿ, ಇಂಡಿಯಾ ಮತ್ತು ಮಡಗಾಸ್ಕರ್ ಪರಸ್ಪರ ಬೇರ್ಪಟ್ಟ ಘಟನೆಯೊಂದಿಗೆ ಅವುಗಳನ್ನು ಸಂಬಂಧಿಸಿದರು. ಗೊಂಡ್ವಾನ ಎಂಬ ಮಹಾಖಂಡದ ಭಾಗಗಳಾಗಿ ಒಂದಕ್ಕೊಂದು ಅಂಟಿಕೊಂಡಿದ್ದ ಈ ಎರಡು ಭೂಭಾಗಗಳು, ಭೂಮಿಯ ಒಳಗಿನ ಮೇರಿಯನ್ ಎಂಬ ತಪ್ತಕೇಂದ್ರದ ಪ್ರಭಾವದಲ್ಲಿ ಬಿರಿದು ದೂರವಾದವೆಂಬುದು ವಿದ್ವಾಂಸರಲ್ಲಿ ಪ್ರಬಲವಾಗಿರುವ ಅಭಿಪ್ರಾಯ. ಒಳನಾಡಿನಲ್ಲಿ ಹುಲಿಯೂರುದುರ್ಗದ ಸಮೀಪದ ಡೈಕ್ ಶಿಲೆಯೂ ಇದೇ ಕಾಲಕ್ಕೆ ಸೇರುತ್ತದೆಂದು 2001ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಶಿಲೆಗಳು ತಣಿಯುವಾಗ ತಮ್ಮೊಳಗೆ ಹಿಡಿದಿಟ್ಟುಕೊಂಡ ಕಾಂತೀಯ ದಿಕ್ಕಿನ ಅಧ್ಯಯನವು, ಅಂದು ಈ ಭೂಭಾಗವು ಭೂಮಧ್ಯರೇಖೆಯ ದಕ್ಷಿಣದಲ್ಲಿತ್ತೆಂಬುದನ್ನು ಸೂಚಿಸುತ್ತದೆ. ಹೀಗಾಗಿ ತೆಂಗಿನ ದ್ವೀಪದ ಕಂಬಗಳು ಮೂಡಿದ್ದು ಇಂದಿನ ಅರಬ್ಬೀ ಸಮುದ್ರದಲ್ಲಿ ಅಲ್ಲ. ಆ ಸಮುದ್ರವು ರೂಪುಗೊಳ್ಳುವ ಪ್ರಕ್ರಿಯೆಯ ಆರಂಭದ ಹಂತದಲ್ಲಿ, ಇಲ್ಲಿಂದ ಬಹುದೂರದ ಅಕ್ಷಾಂಶದಲ್ಲಿ.

ಕರಾವಳಿಯ ನೆಲವನ್ನು ಪರಶುರಾಮನು ಕಡಲಿನಿಂದ ಪಡೆದನೆಂಬ ಐತಿಹ್ಯ ತುಳುನಾಡಿನಲ್ಲಿ ಬಲವಾಗಿ ಬೇರೂರಿದೆ. ಆ ಐತಿಹ್ಯಕ್ಕೆ ಭೂವಿಜ್ಞಾನದ ಸಮರ್ಥನೆಯನ್ನು ಹುಡುಕುವುದು ಎರಡಕ್ಕೂ ನ್ಯಾಯ ಒದಗಿಸುವುದಿಲ್ಲ. ಐತಿಹ್ಯವು ಮನುಷ್ಯನಿಗೂ ನೆಲಕ್ಕೂ ಇರುವ ಸಂಬಂಧವನ್ನು ಹೇಳುತ್ತದೆ. ಶಿಲೆಯು ಮನುಷ್ಯನಿಲ್ಲದ ಕಾಲದ ಮಾತನ್ನು ಹೇಳುತ್ತದೆ.

ವಾಸ್ಕೋ ಡ ಗಾಮನ ಕಂಬ

ದ್ವೀಪಗಳ ಇಂದಿನ ಹೆಸರು ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನ ಮೊದಲ ಯಾನದೊಂದಿಗೆ ತಳಕು ಹಾಕಿಕೊಂಡಿದೆ. ಗಾಮನು 1498ರಲ್ಲಿ ಭಾರತಕ್ಕೆ ಬರುವ ದಾರಿಯಲ್ಲಿ ಮೊದಲು ಈ ದ್ವೀಪದಲ್ಲಿ ಇಳಿದು, ಶಿಲುಬೆಯೊಂದನ್ನು ನೆಟ್ಟು, ಮಾತೆ ಮೇರಿಯ ಹೆಸರಿಟ್ಟು, ಅನಂತರ ಕಲ್ಲಿಕೋಟೆಗೆ ಹೋದನೆಂಬ ಕಥನ ವ್ಯಾಪಕವಾಗಿ ಪ್ರಚಲಿತವಾಗಿದೆ. ಹಲವು ಕೈಪಿಡಿಗಳಲ್ಲಿ ಇದು ಪ್ರಶ್ನಾತೀತ ಸಂಗತಿಯೆಂಬಂತೆ ದಾಖಲಾಗಿದೆ. ಮೂಲ ಆಧಾರವನ್ನು ನೋಡಿದಾಗ ಮಾತ್ರ ಘಟನೆಗಳ ಅನುಕ್ರಮ ಬೇರೆಯಾಗಿ ತೋರುತ್ತದೆ.

ಗಾಮನ ಯಾನದ ಬಗೆಗೆ ಉಳಿದಿರುವ ಸಮಕಾಲೀನ ಸಾಕ್ಷ್ಯಗಳಲ್ಲಿ ಮುಖ್ಯವಾದುದು ಹಡಗಿನಲ್ಲಿದ್ದವನೊಬ್ಬನು ಬರೆದ ‘ರೊತೈರೊ’ ಎಂಬ ದಿನಚರಿ. ಇದನ್ನು ಸಾಮಾನ್ಯವಾಗಿ ಆಲ್ವಾರೊ ವೆಲ್ಯೊ ಎಂಬವನ ಕೃತಿಯೆಂದು ಹೇಳಲಾಗುತ್ತದೆ. ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿರುವ ಇದರ ಹಸ್ತಪ್ರತಿಯು 1838ರಲ್ಲಿ ಮೊದಲ ಬಾರಿಗೆ ಮುದ್ರಣಗೊಂಡಿತು. 1898ರಲ್ಲಿ ರಾವೆನ್‌ಸ್ಟೈನ್ ಇದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದನು. 2013ರಲ್ಲಿ ಯುನೆಸ್ಕೋ ಈ ಹಸ್ತಪ್ರತಿಯನ್ನು ತನ್ನ ‘ಜಗತ್ತಿನ ಸ್ಮೃತಿ’ ದಾಖಲೆಗಳ ಪಟ್ಟಿಗೆ ಸೇರಿಸಿತು.

ದಿನಚರಿಯ ಪ್ರಕಾರ 1497ರ ಜುಲೈ 8ರಂದು ಲಿಸ್ಬನ್ನಿನಿಂದ ಹೊರಟ ನೌಕಾಪಡೆಯು 1498ರ ಮೇ 20ರಂದು ಕಲ್ಲಿಕೋಟೆಯ ಸಮೀಪಕ್ಕೆ ಬಂದು ಸೇರಿತು. ಸಾಮೂದಿರಿಯೊಂದಿಗೆ ನಡೆದ ಮಾತುಕತೆಗಳು ನಿರೀಕ್ಷಿತ ಫಲವನ್ನು ಕೊಡದೆ, ಸಂಬಂಧವು ಕೆಟ್ಟು, ಆಗಸ್ಟ್ 29ರಂದು ಗಾಮನು ಹಿಂದಿರುಗಲು ನಿರ್ಧರಿಸಿದನು. ಅಲ್ಲಿಂದ ಉತ್ತರಕ್ಕೆ ಕರಾವಳಿಯ ಗುಂಟ ಸಾಗುತ್ತ, ಸೆಪ್ಟೆಂಬರ್ 15ರ ಶನಿವಾರ ನೆಲದಿಂದ ಸುಮಾರು ಎರಡು ಲೀಗ್ ದೂರದಲ್ಲಿದ್ದ ಕಿರುದ್ವೀಪಗಳ ಬಳಿಗೆ ಬಂದಾಗ, ಅವುಗಳಲ್ಲಿ ಒಂದರ ಮೇಲೆ ಕಂಬವನ್ನು ನಿಲ್ಲಿಸಿ ಅದಕ್ಕೆ ‘ಸಾಂತಾ ಮರಿಯಾ’ ಎಂದು ಹೆಸರಿಡಲಾಯಿತು. ಅನಂತರ ಹಡಗುಗಳು ಕಾರವಾರದ ಸಮೀಪದ ಅಂಜದೀವ ದ್ವೀಪವನ್ನು ತಲುಪಿ, ಅಲ್ಲಿ ದುರಸ್ತಿ ಮಾಡಿಕೊಂಡು, ನೀರು ತುಂಬಿಕೊಂಡು, ಅಕ್ಟೋಬರ್ 5ರಂದು ಆಫ್ರಿಕದತ್ತ ಹೊರಟವು.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಒಂದು, ಕಂಬವನ್ನು ನೆಟ್ಟುದು ಬರುವಾಗಲ್ಲ, ಹಿಂದಿರುಗುವಾಗ. ಆದುದರಿಂದ ಗಾಮನು ಭಾರತದಲ್ಲಿ ಮೊದಲು ಕಾಲಿಟ್ಟ ಸ್ಥಳ ಮಲ್ಪೆಯ ದ್ವೀಪವೆಂಬ ಮಾತಿಗೆ ಈ ದಿನಚರಿಯಲ್ಲಿ ಆಧಾರವಿಲ್ಲ. ಎರಡು, ನೆಟ್ಟುದು ಕೇವಲ ಭಕ್ತಿಯ ಶಿಲುಬೆಯಲ್ಲ. ‘ಪದ್ರಾವ್’ ಎಂಬ ಈ ಕಲ್ಲಿನ ಕಂಬಗಳನ್ನು ಪೋರ್ಚುಗಲ್ಲಿನ ದೊರೆಯ ಆಜ್ಞೆಯಂತೆ ಹಡಗಿನಲ್ಲಿ ಹೊತ್ತು ತರಲಾಗುತ್ತಿತ್ತು. ಅವುಗಳ ಮೇಲೆ ಶಿಲುಬೆಯೊಂದಿಗೆ ರಾಜಲಾಂಛನವೂ ಇರುತ್ತಿತ್ತು. ಮೂರು ಕಂಬಗಳಿಗೆ ಸಾವ್ ರಫಾಯೆಲ್, ಸಾವ್ ಗಬ್ರಿಯೆಲ್, ಸಾಂತಾ ಮರಿಯಾ ಎಂಬ ಹೆಸರುಗಳು ಮೊದಲೇ ಗೊತ್ತಾಗಿದ್ದವೆಂದು ದಿನಚರಿ ಹೇಳುತ್ತದೆ. ಮೊದಲನೆಯದು ಆಫ್ರಿಕದ ಪೂರ್ವತೀರದ ನದೀಮುಖದಲ್ಲಿ, ಎರಡನೆಯದು ಕಲ್ಲಿಕೋಟೆಯಲ್ಲಿ, ಉಳಿದ ಮೂರನೆಯದು ಈ ದ್ವೀಪದಲ್ಲಿ ಬಳಕೆಯಾಯಿತು. ಅಂದರೆ ದ್ವೀಪವನ್ನು ಕಂಡು ಹೆಸರನ್ನು ಆಲೋಚಿಸಿದುದಲ್ಲ. ಲಿಸ್ಬನ್ನಿನಲ್ಲಿ ಗೊತ್ತಾದ ಹೆಸರು ಈ ದ್ವೀಪಕ್ಕೆ ಬಂದು ಸೇರಿತು.

ದಿನಚರಿಕಾರನು ದ್ವೀಪದ ಸ್ಥಳೀಯ ಹೆಸರನ್ನಾಗಲಿ ಎದುರಿನ ಬಂದರಿನ ಹೆಸರನ್ನಾಗಲಿ ಕೊಟ್ಟಿಲ್ಲ. ಮಲ್ಪೆಯ ದ್ವೀಪಗಳನ್ನು ಆ ಕಿರುದ್ವೀಪಗಳೊಂದಿಗೆ ಗುರುತಿಸಿರುವುದು ಹೆಸರಿನ ಉಳಿವು, ಕಲ್ಲಿಕೋಟೆ ಮತ್ತು ಅಂಜದೀವಗಳ ನಡುವಿನ ಸ್ಥಾನ ಹಾಗೂ ತೀರದ ಸಾಮೀಪ್ಯ ಎಂಬ ಮೂರು ಅಂಶಗಳ ಬಲದಿಂದ. ಇದು ಸಂಭಾವ್ಯವಾದ ಗುರುತಿಸುವಿಕೆಯೇ ಆಗಿದ್ದರೂ ಶಾಸನದಷ್ಟು ಖಚಿತವಾದ ಪ್ರಮಾಣವೆಂದು ಭಾವಿಸಬಾರದು.

ಮೀನುಗಾರರ ಮಾತು

ಇದೇ ಭಾಗದಲ್ಲಿ ದಿನಚರಿಯು ದಾಖಲಿಸುವ ಮತ್ತೊಂದು ಪ್ರಸಂಗವು ತುಳುನಾಡಿನ ಇತಿಹಾಸಕ್ಕೆ ಹೆಚ್ಚು ಮಹತ್ವದ್ದು. ದ್ವೀಪದ ಬಳಿ ಅನೇಕ ದೋಣಿಗಳು ಮೀನನ್ನು ಹೊತ್ತು ಹಡಗುಗಳ ಹತ್ತಿರಕ್ಕೆ ಬಂದವು. ಗಾಮನು ಅವರಿಗೆ ಅಂಗಿಗಳನ್ನು ಕೊಟ್ಟು ಸಂತೋಷಪಡಿಸಿ, ದ್ವೀಪದಲ್ಲಿ ಕಂಬ ನಿಲ್ಲಿಸಿದರೆ ಅವರಿಗೆ ಒಪ್ಪಿಗೆಯೇ ಎಂದು ಕೇಳಿಸಿದನು. ತಮಗೆ ಬಹಳ ಸಂತೋಷವೆಂದೂ, ಬಂದವರು ತಮ್ಮಂತೆಯೇ ಕ್ರೈಸ್ತರೆಂಬುದು ಅದರಿಂದ ದೃಢವಾಗುವುದೆಂದೂ ಅವರು ಉತ್ತರಿಸಿದರೆಂದು ದಿನಚರಿಕಾರನು ಬರೆದಿದ್ದಾನೆ.

ಈ ಉತ್ತರವನ್ನು ಯಥಾವತ್ತಾಗಿ ಸ್ವೀಕರಿಸಲು ಸಾಧ್ಯವಿಲ್ಲ. ಪೂರ್ವದೇಶದಲ್ಲಿ ಕ್ರೈಸ್ತರನ್ನು ಕಾಣುವ ನಿರೀಕ್ಷೆಯಿಂದ ಬಂದಿದ್ದ ಪೋರ್ಚುಗೀಸರು ಕಲ್ಲಿಕೋಟೆಯ ದೇವಾಲಯವನ್ನೂ ಇಗರ್ಜಿಯೆಂದೇ ತಿಳಿದಿದ್ದರು. ಮುಸಲ್ಮಾನರಲ್ಲದವರೆಲ್ಲರೂ ಅವರ ಲೆಕ್ಕದಲ್ಲಿ ಒಂದು ಬಗೆಯ ಕ್ರೈಸ್ತರೇ ಆಗಿದ್ದರು. ಮೇಲಾಗಿ ದುಭಾಷಿಯ ಮೂಲಕ ಸಾಗಿದ ಮಾತು, ಕೇಳಿದವನ ನಿರೀಕ್ಷೆಯ ರೂಪವನ್ನು ಪಡೆದುಕೊಂಡಿರುವುದು ಆಶ್ಚರ್ಯವಲ್ಲ. ಮೀನುಗಾರರು ನಿಜವಾಗಿ ಏನು ಹೇಳಿದರೋ ಅದು ದಿನಚರಿಯಲ್ಲಿಲ್ಲ. ಆದರೆ ಮಾತಿನ ಅರ್ಥವನ್ನು ಬಿಟ್ಟು ಘಟನೆಯನ್ನು ಮಾತ್ರ ತೆಗೆದುಕೊಂಡರೂ ಕೆಲವು ಸಂಗತಿಗಳು ಉಳಿಯುತ್ತವೆ. ಮಳೆಗಾಲದ ಕೊನೆಯ ದಿನಗಳಲ್ಲಿಯೇ ಇಲ್ಲಿನ ಮೀನುಗಾರರು ದೋಣಿಗಳಲ್ಲಿ ದ್ವೀಪದವರೆಗೆ ಬರುತ್ತಿದ್ದರು. ಅಪರಿಚಿತ ಹಡಗುಗಳಿಗೆ ಹೆದರದೆ ಮೀನು ಮಾರಲು ಸಿದ್ಧರಿದ್ದರು. ಹೊರದೇಶದ ನಾವೆಗಳೊಂದಿಗೆ ವ್ಯವಹಾರ ಅವರಿಗೆ ಹೊಸದಾಗಿರಲಿಲ್ಲ. ಬಾರಕೂರು, ಬಸರೂರುಗಳಂತಹ ಬಂದರುಗಳು ಅಂದು ವಿಜಯನಗರದ ಆಳ್ವಿಕೆಯಲ್ಲಿ ಕಡಲ ವ್ಯಾಪಾರದ ಕೇಂದ್ರಗಳಾಗಿದ್ದುದನ್ನು ನೆನೆದರೆ ಇದು ಸಹಜವಾಗಿಯೇ ಇದೆ.

ಗಮನಿಸಬೇಕಾದ ಇನ್ನೊಂದು ಅಂಶವೂ ಇದೆ. ಕಂಬ ನೆಟ್ಟ ಸಂಗತಿಯನ್ನು ವಿವರವಾಗಿ ಬರೆದ ದಿನಚರಿಕಾರನು ದ್ವೀಪದ ನೈಸರ್ಗಿಕ ಕಂಬಗಳ ಬಗೆಗೆ ಒಂದು ಮಾತನ್ನೂ ಹೇಳಿಲ್ಲ. ಕುಡಿಯುವ ನೀರು, ಲಂಗರು, ಮೀನು, ಕ್ರೈಸ್ತರು, ಸಾಂಬಾರ ಪದಾರ್ಥ ಇವೇ ಆ ಯಾನದ ಕಾಳಜಿಗಳಾಗಿದ್ದವು. ಅವರು ತಂದು ನಿಲ್ಲಿಸಿದ ಕಲ್ಲುಕಂಬ ಇಂದು ಅಲ್ಲಿಲ್ಲ. ಅದರ ಹೆಸರು ಮಾತ್ರ ಉಳಿದಿದೆ. ಅವರ ಬರಹದಲ್ಲಿ ಸ್ಥಾನ ಪಡೆಯದ ಕಂಬಗಳು ನಿಂತಲ್ಲೇ ಇವೆ.

ನಂತರದ ಕಾಲ

ಪೋರ್ಚುಗೀಸರು 16ನೆಯ ಶತಮಾನದ ಉತ್ತರಾರ್ಧದಲ್ಲಿ ಮಂಗಳೂರು, ಹೊನ್ನಾವರ ಮತ್ತು ಬಸರೂರುಗಳಲ್ಲಿ ಕೋಟೆಗಳನ್ನು ಕಟ್ಟಿಕೊಂಡರು. 17ನೆಯ ಶತಮಾನದಲ್ಲಿ ಕೆಳದಿಯ ನಾಯಕರು ಅವರ ಬಲವನ್ನು ಕುಗ್ಗಿಸಿ ಕರಾವಳಿಯ ಮೇಲೆ ಹತೋಟಿ ಸಾಧಿಸಿದರು. ಮಲ್ಪೆಯ ದರಿಯಾ ಬಹದ್ದೂರ್‌ಗಡ ದ್ವೀಪದ ಕೋಟೆಯನ್ನು ಬಿದನೂರಿನ ಬಸವಪ್ಪ ನಾಯಕನು ಕಟ್ಟಿಸಿದನೆಂದು ಹೇಳಲಾಗುತ್ತದೆ. ಸಮುದ್ರ ಎಂಬ ಅರ್ಥದ ಪಾರಸಿ ಶಬ್ದವನ್ನು ಹೊತ್ತ ಈ ಹೆಸರು, ಮಲೆನಾಡಿನ ಅರಸು ಮನೆತನವೊಂದು ಕಡಲಿನ ರಕ್ಷಣೆಗೆ ಕೊಟ್ಟ ಮಹತ್ವವನ್ನು ಸೂಚಿಸುತ್ತದೆ. ತುಳು, ಪೋರ್ಚುಗೀಸ್, ಪಾರಸಿ, ಇಂಗ್ಲಿಷ್ ಎಂಬ ನಾಲ್ಕು ಭಾಷೆಗಳ ಗುರುತುಗಳು ಈ ಪುಟ್ಟ ದ್ವೀಪಸಮೂಹದ ಹೆಸರುಗಳಲ್ಲಿ ಕೂಡಿಕೊಂಡಿರುವುದು ಕರಾವಳಿಯ ಇತಿಹಾಸದ ಸ್ವರೂಪಕ್ಕೆ ಹಿಡಿದ ಕನ್ನಡಿಯಾಗಿದೆ.

ಸಂರಕ್ಷಣೆಯ ಪ್ರಶ್ನೆ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಗುರುತಿಸಿರುವ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಸೇಂಟ್ ಮೇರೀಸ್ ದ್ವೀಪದ ಲಾವಾ ಕಂಬಗಳೂ ಸೇರಿವೆ. ಬೆಂಗಳೂರಿನ ಲಾಲ್‌ಬಾಗಿನ ನೀಸ್ ಶಿಲೆ ಮತ್ತು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳು ಕರ್ನಾಟಕದ ಇಂತಹ ಇತರ ಸ್ಮಾರಕಗಳು. 2025ರಲ್ಲಿ ಭಾರತವು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿದ ಏಳು ನೈಸರ್ಗಿಕ ತಾಣಗಳಲ್ಲಿ ಈ ದ್ವೀಪಸಮೂಹವೂ ಒಂದಾಗಿದೆ.

ಆದರೆ ಗೌರವ ಬೇರೆ, ಕಾನೂನಿನ ರಕ್ಷಣೆ ಬೇರೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಮುಖ್ಯವಾಗಿ ಮಾನವ ನಿರ್ಮಿತ ಹಾಗೂ ಪುರಾತತ್ತ್ವ ಮಹತ್ವದ ಅವಶೇಷಗಳನ್ನು ಗಮನದಲ್ಲಿರಿಸಿಕೊಂಡು ರೂಪಿತವಾದುದು. ಮನುಷ್ಯನು ಕಟ್ಟಿದ ನೂರು ವರ್ಷ ಹಳೆಯ ಕಟ್ಟಡಕ್ಕೆ ದೊರೆಯಬಲ್ಲ ರಕ್ಷಣೆ, ಎಂಟೂವರೆ ಕೋಟಿ ವರ್ಷ ಹಳೆಯದಾದ ನೈಸರ್ಗಿಕ ಕಂಬಕ್ಕೆ ಅದರಿಂದ ತಾನಾಗಿ ದೊರೆಯುವುದಿಲ್ಲ. ಈ ಕೊರತೆಯನ್ನು ತುಂಬುವ ಉದ್ದೇಶದಿಂದ ಭೂಪರಂಪರೆಯ ತಾಣಗಳ ಸಂರಕ್ಷಣೆಗೆ ಸಂಬಂಧಿಸಿದ ಮಸೂದೆಯ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿತು. ಮಲ್ಪೆಯಿಂದ ದೋಣಿಗಳಲ್ಲಿ ಬರುವ ಪ್ರವಾಸಿಗರು ದ್ವೀಪದ ಆಸುಪಾಸಿನ ಜನರಿಗೆ ಜೀವನೋಪಾಯವನ್ನು ಒದಗಿಸಿದ್ದಾರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಣಿದ ಲಾವಾ ಮತ್ತೆ ಬೆಳೆಯುವುದಿಲ್ಲ. ಮುರಿದ ಕಂಬವನ್ನು ಜೀರ್ಣೋದ್ಧಾರ ಮಾಡಲು ಬರುವುದಿಲ್ಲ. ಅಲೆಗಳ ಸವೆತ ನಿಸರ್ಗದ ಕ್ರಮವೆಂದು ಒಪ್ಪಿಕೊಳ್ಳಬಹುದಾದರೂ ಮನುಷ್ಯನ ಅಲಕ್ಷ್ಯದಿಂದಾಗುವ ಹಾನಿಯನ್ನು ಹಾಗೆ ಒಪ್ಪಿಕೊಳ್ಳಲಾಗದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಸೇಂಟ್ ಮೇರೀಸ್ ದ್ವೀಪಗಳ ಕಂಬಗಳು ಬಸಾಲ್ಟಿನವಲ್ಲ, ಆಮ್ಲೀಯ ಲಾವಾ ಶಿಲೆಯವು. ಅವು ದಖ್ಖನ್ನಿನ ಜ್ವಾಲಾಮುಖಿ ಚಟುವಟಿಕೆಗೆ ಅಲ್ಲ, ಅದಕ್ಕೂ ಹಿಂದೆ ಇಂಡಿಯಾ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲಕ್ಕೆ ಸೇರಿದವು. ‘ಸಾಂತಾ ಮರಿಯಾ’ ಎಂಬ ಹೆಸರಿನ ಕಂಬವನ್ನು ಗಾಮನು ನೆಟ್ಟುದು ಕಲ್ಲಿಕೋಟೆಯಿಂದ ಹಿಂದಿರುಗುವಾಗ. ಆ ದ್ವೀಪವು ಮಲ್ಪೆಯದೇ ಎಂಬುದು ಬಲವಾದ ಸಂಭಾವ್ಯತೆ. ಆ ಹೆಸರಿನ ಜೊತೆಜೊತೆಗೆ ತೋನ್ಸೆಪಾರ್ ಎಂಬ ನೆಲದ ಹೆಸರೂ ದಾಖಲೆಗಳಲ್ಲಿ ಉಳಿಯಬೇಕಾದುದು ಅಗತ್ಯ. ದ್ವೀಪದಲ್ಲಿಯೂ ಮಲ್ಪೆಯ ದಕ್ಕೆಯಲ್ಲಿಯೂ ಈ ವಿವರಗಳನ್ನು ಕನ್ನಡದಲ್ಲಿ ಸರಿಯಾಗಿ ತಿಳಿಸುವ ಫಲಕಗಳಿದ್ದಲ್ಲಿ, ಕಂಬಗಳ ಮೇಲೆ ಕಾಲಿಡುವ ಮೊದಲು ಅವು ಏನೆಂಬುದು ಬಂದವರಿಗೆ ತಿಳಿಯುತ್ತದೆ. ಸಂರಕ್ಷಣೆಯ ಕೆಲಸ ಅಲ್ಲಿಂದಲೇ ಆರಂಭವಾಗಬೇಕಾಗಿದೆ.